ಗಿರಾಕಿ ಬಂದಾರ, ಮಷೀನು ತುಳಿ

ಆ ಬೆಳಿಗ್ಗೆ ಆಪರೇಷನ್ ಥಿಯೇಟರಿನಲ್ಲಿ ನಾವು ಐದು ಜನ. ಅರಿವಳಿಕೆ ಕೊಡುವ ಡಾ. ಪದ್ಮಜಾ, ಸಿಸ್ಟರ್ ಲಿಸ್ಸಿ, ನರಗಳ ಸಿಗ್ನಲ್ ತೋರಿಸುವ ಮಾನಿಟರಿನ ಮುಂದೆ ಇಮ್ರಾನ್, ನಾನು, ಮತ್ತು ಮೇಜಿನ ಮೇಲೆ ಬೋರಲಾಗಿ ಮಲಗಿದ್ದ ಶರಣಮ್ಮ. ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ತೆಲುಗು ಸೀಮೆಯ ಗಚ್ಚಿಬೌಲಿ ಕಡೆಯ ಒಂದು ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಡ್ಡೆಗಳ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುತ್ತಿದ್ದೆ.

ಶರಣಮ್ಮ ಸೇಡಂ ಕಡೆಯವರು. ಲಿಂಗಂಪಲ್ಲಿಯಲ್ಲಿ ಗಂಡನ ಕಿರಾಣಿ ಅಂಗಡಿ. ಅದರ ಮಗ್ಗುಲಲ್ಲೇ ಇವರ ಹೊಲಿಗೆ ಮಷೀನು, ಕಾಲಿನಿಂದ ತುಳಿಯುವಂಥದ್ದು. "ಚಪ್ಪಲಿ ಜಾರಿ ಬಿದ್ರೂ ತಿಳಿಯಾಂಗಿಲ್ರಿ ಡಾಕ್ಟ್ರ" ಎನ್ನುತ್ತ ಬಂದಿದ್ದರು. ಎಂಆರ್‌ಐ ನೋಡಿದರೆ ಎದೆಮಟ್ಟದಲ್ಲಿ ಬೆನ್ನುಹುರಿಯನ್ನು ಒಂದು ಗಡ್ಡೆ ಅಮುಕಿ ಹಿಡಿದಿತ್ತು. ಮೆನಿಂಜಿಯೋಮ, ಹುರಿಯ ಹೊದಿಕೆಯಲ್ಲಿ ಬೆಳೆಯುವ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಬಿಟ್ಟರೆ ಕಾಲು ಹೋಗುತ್ತವೆ. ತೆಗೆಯುವಾಗ ಹುರಿಗೆ ಪೆಟ್ಟಾದರೂ ಹೋಗುತ್ತವೆ.

ಹಿಂದಿನ ದಿನ ಶರಣಮ್ಮನವರಿಗೆ ಪದ್ಮಜಾ ತೆಲುಗಿನಲ್ಲಿ ತಾಲೀಮು ಕೊಟ್ಟಿದ್ದರು: ಬೇಕಾದರೆ ಆಪರೇಷನ್ ನಡುವೆ ಎಚ್ಚರಿಸುತ್ತೇವೆ, ಹೇಳಿದಾಗ ಕಾಲು ಆಡಿಸಬೇಕು. ಇದಕ್ಕೆ ವೇಕ್-ಅಪ್ ಟೆಸ್ಟ್ ಅನ್ನುತ್ತೇವೆ. ನಾನು ಕನ್ನಡದಲ್ಲಿ ಹೇಳಹೋದರೆ ಶರಣಮ್ಮ ತಡೆದರು.

"ತೆಲುಗು ಭಾಳ ಚಲೋ ಬರ್ತೈತ್ರಿ ನನಗ. ಗಿರಾಕಿ ಎಲ್ಲಾ ಅವರೇ ಅದಾರ."

ಗಂಡ ಬಸಪ್ಪ ನಕ್ಕರು. "ಜಗಳಾ ಮಾತ್ರ ಕನ್ನಡದಾಗ ಆಡ್ತಾಳ್ರಿ. ಅದೂ ನನ್ನ ಕೂಡ."

ಆಪರೇಷನ್ ದಿನ ಗಡ್ಡೆಯ ಮುಕ್ಕಾಲು ಪಾಲು ಹೊರಬಂದಿತ್ತು. ಇಮ್ರಾನ್ ದನಿ ಏರಿತು. "ಸರ್, ದೋನೋ ಪೈರ್ ಕಾ ಸಿಗ್ನಲ್ ಗಯಾ!"

ಎರಡೂ ಕಾಲಿನ ಸಿಗ್ನಲ್ ಹೋಗಿತ್ತು. ಕೈ ನಿಲ್ಲಿಸಿದೆ. ರಕ್ತದೊತ್ತಡ ಏರಿಸಿದೆವು, ಬೆಚ್ಚಗಿನ ಸಲೈನ್ ಬಿಟ್ಟೆವು, ತಂತಿಗಳನ್ನೆಲ್ಲ ಮುಟ್ಟಿ ನೋಡಿದೆವು. ಮಾನಿಟರಿನ ಗೆರೆಗಳು ಮಲಗಿದಲ್ಲೇ ಮಲಗಿದ್ದವು. ಯಂತ್ರ ತಪ್ಪು ಹೇಳುತ್ತಿದೆಯೋ, ಕಾಲೇ ಹೋದವೋ? ಎಚ್ಚರಿಸಿಯೇ ನೋಡಬೇಕಿತ್ತು.

ಪದ್ಮಜಾ ಅರಿವಳಿಕೆಯ ಔಷಧ ಕಡಿಮೆ ಮಾಡಿ, ಕಿವಿಯ ಹತ್ತಿರ ಬಗ್ಗಿ, "ಶರಣಮ್ಮಾ, ಕಾಳ್ಳು ಕದಪಮ್ಮಾ" ಎಂದು ತೆಲುಗಿನಲ್ಲಿ ಕಾಲು ಆಡಿಸಲು ಹೇಳಿದರು. ಹೊದಿಕೆಯ ಕೆಳಗೆ ಪಾದ ಹಿಡಿದಿದ್ದ ಲಿಸ್ಸಿ, ಇಲ್ಲ ಎಂದು ತಲೆಯಾಡಿಸಿದರು. ಮತ್ತೊಮ್ಮೆ ಕರೆದರೂ ಇಲ್ಲ. "ಕಾಲು ಆಡಿಸಿರಿ" ಎಂದು ನಾನು ಕನ್ನಡದಲ್ಲಿ ಹೇಳಿದೆ. ಕೈಬೆರಳು ಮಿಸುಕಿದವು, ಪಾದ ಮಿಸುಕಲಿಲ್ಲ.

ನನಗೆ ಕನ್ನಡ ಕಲಿಸಿದ್ದು ನಮ್ಮಜ್ಜಿ. ಆಕೆ ಯಾರಿಗೂ 'ಆಡಿಸಿರಿ' ಅಂದವಳಲ್ಲ. ಆಕೆಯ ದನಿಯಲ್ಲೇ ಗದರಿಸಿದೆ:

"ಏ ಶರಣವ್ವಾ! ಗಿರಾಕಿ ಬಂದು ನಿಂತಾರ, ಮಷೀನು ತುಳಿ!"

"ರೆಂಡು ಕಾಳ್ಳೂ, ಸರ್!" ಲಿಸ್ಸಿ ಕೂಗಿದರು. ಎರಡೂ ಕಾಲು! ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ತುಳಿದದ್ದೇ ತುಳಿದದ್ದು. ಪದ್ಮಜಾ ತೆಲುಗಿನಲ್ಲಿ ಸಾಕೆಂದರೆ ನಿಲ್ಲಿಸಲಿಲ್ಲ. "ಸಾಕವ್ವಾ, ಗಿರಾಕಿ ಹ್ವಾದ್ರು" ಎಂದು ನಾನೇ ಹೇಳಬೇಕಾಯಿತು.

ಅವರನ್ನು ಮತ್ತೆ ನಿದ್ದೆಗೆ ಕಳಿಸಿದೆವು. ಕ್ರಮೇಣ ಗೆರೆಗಳೂ ಮರಳಿದವು. ಉಳಿದ ಗಡ್ಡೆಯನ್ನು ಮೆಲ್ಲಗೆ ಬಿಡಿಸಿ ತೆಗೆದೆ.

ಆಮೇಲೆ ನಾವು ರೋಗಿಗಳಿಗೆ ಯಾವ ಭಾಷೆ ಬರುತ್ತದೆ ಎಂದು ಕೇಳುವುದನ್ನು ಬಿಟ್ಟೆವು. ಮನೆಯಲ್ಲಿ ಯಾವ ಭಾಷೆಯಲ್ಲಿ ಬೈಸಿಕೊಳ್ಳುತ್ತೀರಿ, ದಿನವೂ ಕಾಲಿನಿಂದ ಏನು ಕೆಲಸ ಮಾಡುತ್ತೀರಿ ಎಂದು ಕೇಳತೊಡಗಿದೆವು. ಬೆನ್ನುಹುರಿಯನ್ನು ಅಷ್ಟು ವರ್ಷ ಓದಿದವನಿಗೆ, ಕಾಲಿಗೂ ಒಂದು ತಾಯಿನುಡಿ ಇರುತ್ತದೆಂದು ಆ ದಿನ ತಿಳಿಯಿತು.

ಕೆಲವು ತಿಂಗಳು ಫಿಸಿಯೋಥೆರಪಿ ನಡೆಯಿತು. ಒಂದು ಮಧ್ಯಾಹ್ನ ಶರಣಮ್ಮ ಮೂರನೇ ಮಹಡಿಯ ನನ್ನ ಕೋಣೆಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕೂತರು.

"ನಿಮ್ಮ ಲಿಫ್ಟ್ ಬಂದ್ ಬಿದ್ದೈತ್ರಿ ಡಾಕ್ಟ್ರ."

"ಯಜಮಾನ್ರು ಎಲ್ಲಿ?"

"ಎರಡನೇ ಮಾಳಿಗಿ ಮೆಟ್ಟಲ ಮ್ಯಾಲ ಕುಂತಾರ್ರಿ. ದಮ್ಮು ಹತ್ತೈತಿ ಅವರಿಗೆ."