ತೊಟ್ಟಿಲ ಮೇಲಿನ ತೂತು

ಹೊಸ ಫ್ಲೆಕ್ಸಿನ ವಾಸನೆ ನನಗೆ ಆಗುವುದಿಲ್ಲ. ಸೀಮೆಎಣ್ಣೆಯದೂ ಅಲ್ಲ, ಉಗುರುಬಣ್ಣದ್ದೂ ಅಲ್ಲ, ಎರಡರ ನಡುವಿನ ಒಂದು ಘಾಟು. ಮೂಗಿನಿಂದ ನೇರ ಹೊಟ್ಟೆಗಿಳಿಯುತ್ತದೆ. ಹೋದ ವಾರ ಕಾಲೇಜಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವಾಗ ಆ ವಾಸನೆ ಬಂತು. ತಲೆ ಎತ್ತಿದರೆ ಎಂಟಡಿ ಎತ್ತರದ ಫ್ಲೆಕ್ಸು, ಅದರಲ್ಲಿ ನಾನು. ಈ ಬೇಸಿಗೆಯಲ್ಲಿ ಹುತ್ರಿದುರ್ಗದ ಕಡೆ ಆಲಿಕಲ್ಲು ಬಿದ್ದು ಮನೆಗಳ ಹೆಂಚು, ಶೀಟು ಪುಡಿಯಾದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೋಗಿ ಕಂಬಳಿ ಹಂಚಿ ಬಂದಿದ್ದೆ. ಅದಕ್ಕೆ ಸನ್ಮಾನವಂತೆ. ಫೋಟೊದಲ್ಲಿ ಒಬ್ಬ ಅಜ್ಜಿಗೆ ಕಂಬಳಿ ಕೊಡುತ್ತಿದ್ದೇನೆ. ಅಜ್ಜಿಯನ್ನು ನೋಡುತ್ತಿಲ್ಲ, ಕ್ಯಾಮೆರಾ ನೋಡಿ ನಗುತ್ತಿದ್ದೇನೆ.

ನನಗೆ ವಾಕರಿಕೆ ಬಂತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡು ಬಂದೆ. ಆಗ ನೆನಪಾದವರು ಪೇಂಟರ್ ಸಾಬರು... ಸರಿಯಾಗಿ ಹೇಳಬೇಕೆಂದರೆ, ಅವರ ಕಥೆಯನ್ನು ಹೇಳುತ್ತಲೇ ಅವರು ನೆನಪಾಗದಂತೆ ನಾನು ಇಷ್ಟು ವರ್ಷ ನೋಡಿಕೊಂಡಿದ್ದೆ.

ಹದಿಮೂರು ವರ್ಷದ ಹಿಂದೆ ನಾವು ತುಮಕೂರಿನ ಗುಬ್ಬಿ ಗೇಟಿನ ಕಡೆ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ಆರು ಮನೆ, ಆರಕ್ಕೂ ಸಿಮೆಂಟ್ ಶೀಟು. ಗಂಡನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಹೇಳುತ್ತಿದ್ದೆ. ಮಗಳಿಗೆ ಆಗ ನಾಲ್ಕು ತಿಂಗಳು. ಬೀದಿಯ ತಿರುವಿನಲ್ಲಿ, ಚರಂಡಿಯ ಚಪ್ಪಡಿಯ ಮೇಲೆ, ಸಾಬರ ತಗಡಿನ ಅಂಗಡಿ ಇತ್ತು. ಹಿಂದೆ ಅವರು ಕೈಯಲ್ಲಿ ಬೋರ್ಡ್ ಬರೆಯುತ್ತಿದ್ದವರು. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಎಷ್ಟೋ ಅಂಗಡಿಗಳ ಹೆಸರು ಅವರ ಬ್ರಷ್ಷಿನಿಂದಲೇ ಬಂದಿದ್ದವು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷನ್ನು ಕೇಳುವವರಿಲ್ಲದೆ, ಅದೇ ಫ್ಲೆಕ್ಸನ್ನು ಮರದ ಚೌಕಟ್ಟಿಗೆ ಹೊಡೆದು ಕಟ್ಟುವ, ಸಮಾರಂಭ ಮುಗಿದ ಮೇಲೆ ಬಿಚ್ಚುವ ಕೆಲಸ ಹಿಡಿದಿದ್ದರು.

ಬಿಚ್ಚಿದವುಗಳನ್ನು ಅವರು ಬಿಸಾಡುತ್ತಿರಲಿಲ್ಲ. ಮಡಿಸಿ ಒಟ್ಟುತ್ತಿದ್ದರು. ಹತ್ತಿರದ ಕೋರ ಹಳ್ಳಿಯ ಕಡೆಯ ರೈತರು ರಾಗಿ ಒಣಗಿಸಲು, ಹುಲ್ಲಿನ ಮೆದೆ ಮುಚ್ಚಲು ಬಂದು ಕೇಳಿ ಒಯ್ಯುತ್ತಿದ್ದರು. ಮಡಿಸುವುದಕ್ಕೂ ಹೊದಿಸುವುದಕ್ಕೂ ಸಾಬರದು ಒಂದೇ ಕ್ರಮ, ಮುಖ ಯಾವಾಗಲೂ ಒಳಗೆ. ಬಣ್ಣ ಬಿಸಿಲಿಗೆ ಬಿರಿಯುತ್ತದೆ, ಬಿಳಿ ಬೆನ್ನು ಹೊರಗಿದ್ದರೆ ಕೆಳಗಿರುವವರಿಗೆ ತಂಪು ಎನ್ನುತ್ತಿದ್ದರು. ತಾನು ಬರೆಯದ ಬಣ್ಣವನ್ನೂ ಕಾಪಾಡುವುದು ಯಾಕೆಂದು ನಾನೊಮ್ಮೆ ಕೇಳಿದ್ದೆ. ಏನು ಉತ್ತರ ಕೊಟ್ಟರೋ ನೆನಪಿಲ್ಲ.

ಆ ಏಪ್ರಿಲ್‌ನ ಒಂದು ಸಂಜೆ, ನಾಲ್ಕು ಗಂಟೆಗೆ, ಆಲಿಕಲ್ಲು ಬಿತ್ತು. ಇಪ್ಪತ್ತು ನಿಮಿಷ ಎಂದು ನನ್ನ ಡೈರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಅದು ಇಡೀ ಸಂಜೆ ಬೀಳುತ್ತಲೇ ಇದೆ. ನಿಂಬೆಹಣ್ಣಿನ ಗಾತ್ರದವು ಶೀಟನ್ನು ತೂರಿಕೊಂಡು ಒಳಗೇ ಬಂದವು. ಮಗುವನ್ನು ಎದೆಗವಚಿಕೊಂಡು ಮಂಚದ ಕೆಳಗೆ ತೂರಿಕೊಂಡೆ. ಎದ್ದು ಬಂದು ನೋಡಿದರೆ ತೊಟ್ಟಿಲ ಮೇಲೆ ತಟ್ಟೆಯಗಲದ ತೂತು, ತೊಟ್ಟಿಲ ಒಳಗೆ ಶೀಟಿನ ಚೂರು. ಹೊರಗೆ ಬೀದಿಯೆಲ್ಲ ಕಲ್ಲುಪ್ಪು ಸುರಿದ ಹಾಗೆ ಬೆಳ್ಳಗಿತ್ತು. ತಿರುವಿನ ದೊಡ್ಡ ಮರ ಬೀದಿಗಡ್ಡ ಉರುಳಿತ್ತು. ಅದರಲ್ಲಿ ಗೂಡು ಕಟ್ಟಿದ್ದ ಬೆಳ್ಳಕ್ಕಿಗಳು ಸತ್ತು ಆ ಬಿಳಿಯ ಮೇಲೆ ಬಿದ್ದಿದ್ದರಿಂದ ಮೊದಲು ಕಾಣಿಸಲೂ ಇಲ್ಲ. ಎದುರು ಸಾಲಿನ ತಾರಸಿ ಮನೆಗಳವರು ಪಾತ್ರೆ ಹಿಡಿದು ಇಳಿದು ಆಲಿಕಲ್ಲು ತುಂಬಿಕೊಂಡರು, ಫೋಟೊ ತೆಗೆದುಕೊಂಡರು. ನಾವು ಆರು ಮನೆಯವರು ಒದ್ದೆ ಹಾಸಿಗೆ ಹೊತ್ತು ಹೊರಗೆ ಬಂದಾಗ ನಮ್ಮದನ್ನೂ ತೆಗೆದರು.

ಮೊದಲು ಬಂದವರು ಸಾಬರು. ಹೆಗಲ ಮೇಲೆ ಏಣಿ, ಹಿಂದೆ ಫ್ಲೆಕ್ಸಿನ ಹೊರೆ ಹೊತ್ತ ಅವರ ಹೆಂಡತಿ.

"ಟೀಚರಮ್ಮ, ಮಗೂನ ಎತ್ಕೊಂಡು ಆಚೆ ನಿಂತ್ಕೊಳ್ಳಿ. ಮೊದ್ಲು ನಿಮ್ದು ಮುಚ್ಬುಡ್ತೀನಿ" ಎಂದರು.

ಹೆಂಡತಿ ಏಣಿ ಹಿಡಿದರು, ಅವರು ಶೀಟು ಮುರಿಯದಂತೆ, ಅಡಿಯಲ್ಲಿ ತೊಲೆ ಇರುವ ಮೊಳೆಗಳ ಸಾಲಿನ ಮೇಲೇ ಕಾಲಿಡುತ್ತಾ ಹತ್ತಿದರು. ಕತ್ತಲಾಗುವುದರೊಳಗೆ ಆರು ಮನೆಗೂ ಹೊದಿಕೆಯಾಯಿತು, ಬಿಳಿ ಬೆನ್ನು ಆಕಾಶಕ್ಕೆ. ಎದುರು ಮನೆಯಾಕೆ ಎಲ್ಲರಿಗೂ ಟೀ ತಂದರು. ನಮಗೆ ಸ್ಟೀಲ್ ಲೋಟ, ಸಾಬರಿಗೂ ಅವರ ಹೆಂಡತಿಗೂ ಎಲ್ಲಿಂದಲೋ ಹುಡುಕಿ ತಂದ ಪೇಪರ್ ಕಪ್ಪು. ಆಗಲೇ ಇದನ್ನು ಗಮನಿಸಿದ್ದೆನೋ, ಈಗ ಸೇರಿಸುತ್ತಿದ್ದೇನೋ ತಿಳಿಯದು. ಗಮನಿಸಿದ್ದರೆ ಏನೂ ಹೇಳಲಿಲ್ಲ ಎಂಬುದಂತೂ ಖಚಿತ.

ಆಮೇಲಿನ ಮೂರು ದಿನ ಕರೆಂಟಿಲ್ಲ. ಮರ ಬಿದ್ದಲ್ಲೇ ಇತ್ತು. ನಾವು ಫೋನ್ ಮಾಡಿದ ಕಡೆಯೆಲ್ಲ "ಬರ್ತಾರೆ" ಎಂದರು, ಯಾರೂ ಬರಲಿಲ್ಲ. ಕೊಂಬೆಗಳನ್ನು ಗರಗಸದಲ್ಲಿ ಕೊಯ್ದು ಒಂದು ಸ್ಕೂಟರ್ ನುಗ್ಗುವಷ್ಟು ಜಾಗ ಮಾಡಿದವರೂ ಸಾಬರೇ. ಬೆಳ್ಳಕ್ಕಿಗಳು ಚರಂಡಿಯಲ್ಲಿ ಉಬ್ಬಿ ನಾರತೊಡಗಿದವು. ಮಗುವಿಗೆ ಹಾಲೂಡಿಸುವಾಗಲೂ ಅದೇ ನಾತ. ತಾರಸಿ ಮನೆಗಳ ಕಿಟಕಿಗಳು ಮುಚ್ಚಿಕೊಂಡವು. ಇಷ್ಟರಲ್ಲಿ ನಮ್ಮ ಬೀದಿಗೆ ಕಂಬಳಿ ಬಂತು.

ತಂದವರು ಒಬ್ಬ ಕಂಟ್ರಾಕ್ಟರ್. ನಾಲ್ಕಾರು ಜೆಸಿಬಿಗಳ ಒಡೆಯ, ಮುಂದಿನ ಚುನಾವಣೆಗೆ ನಿಲ್ಲುವ ಆಸೆಯವರು. ಹಿಂದಿನ ತಿಂಗಳಷ್ಟೇ ಅವರ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ಕಟ್ಟಿದ್ದವರೂ ಬಿಚ್ಚಿದ್ದವರೂ ನಮ್ಮ ಸಾಬರೇ. ಹತ್ತು ಹನ್ನೆರಡು ಜನ ಹಿಂಬಾಲಕರು ಮೂಗಿಗೆ ಕರ್ಚೀಫ್ ಹಿಡಿದು ಚರಂಡಿ ದಾಟಿಕೊಂಡು ಬಂದರು. ಫೋಟೊ ತೆಗೆಯುವವನಿಗೆ ಹೊರಗಿನ ಜಾಗ ಹಿಡಿಸಲಿಲ್ಲ. ಮಗು ಇರುವ ಮನೆ ಯಾವುದೆಂದು ಕೇಳಿ ನಮ್ಮ ಮನೆಗೆ ನುಗ್ಗಿದ. ಚಪ್ಪಲಿ ಯಾರೂ ಬಿಡಲಿಲ್ಲ.

"ಅಣ್ಣಾ, ತೊಟ್ಲ ಪಕ್ಕ ನಿಂತ್ಕಳಿ. ಮೇಡಂ, ನೀವು ಕಂಬ್ಳಿ ಹಿಡ್ಕಳಿ. ಈಚೆ ನೋಡಿ."

ಹಿಡಿದುಕೊಂಡೆ. ಈಚೆ ನೋಡಿದೆ. ಆಗ ತೊಟ್ಟಿಲ ಪಕ್ಕದ ಪಾತ್ರೆಗೆ, ಮೇಲೆ ನಿಂತಿದ್ದ ರಾತ್ರಿಯ ಮಳೆನೀರಿನ ಒಂದು ಹನಿ ಟಪ್ ಎಂದು ಬಿತ್ತು. ಎಲ್ಲರೂ ತಲೆ ಎತ್ತಿದರು. ಶೀಟಿನ ತೂತಿನಲ್ಲಿ, ಮುಖ ಒಳಗಾಗಿ ಹೊದಿಸಿದ್ದ ಫ್ಲೆಕ್ಸಿನಲ್ಲಿ, ಒಂದು ಕಣ್ಣು, ಒಂದು ಮೂಗು, ಅರ್ಧ ಮೀಸೆ. ಕಂಬಳಿಯ ಆ ತುದಿ ಹಿಡಿದು ನಿಂತಿದ್ದವರದೇ. ಮೂಗಿನ ತುದಿಯಲ್ಲಿ ಇನ್ನೊಂದು ಹನಿ ಕೂಡಿಕೊಳ್ಳುತ್ತಿತ್ತು.

"ನಮ್ಮಣ್ಣಂಗೆ ನೆಗಡಿ ಆಗೈತೆ ಕಣ್ಲಾ" ಎಂದ ಹಿಂದೆ ನಿಂತಿದ್ದವನೊಬ್ಬ. ಇನ್ನಿಬ್ಬರು ನಕ್ಕರು. ನಕ್ಕ ತಪ್ಪಿಗೆ ತಕ್ಷಣ ಕೆಮ್ಮಿದರು.

ಕಂಟ್ರಾಕ್ಟರ್ ನಗುತ್ತಲೇ ಇದ್ದರು, ಫೋಟೊದ ನಗು ಇನ್ನೂ ಇಳಿದಿರಲಿಲ್ಲ. ಅದೇ ನಗುವಿನಲ್ಲಿ ಮೆಲ್ಲಗೆ ಕೇಳಿದರು. "ಯಾರಮ್ಮ ಇದ್ನ ಹಾಕಿದ್ದು?"

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ತರಗತಿಯಲ್ಲಿಯೂ ಹೇಳಿದ್ದೇನೆ. ಸಾಮಾನ್ಯ ಜನ ಹೇಗೆ ಹೆದರುತ್ತಾರೆ, ಉಪಕಾರ ಮಾಡಿದವರನ್ನೇ ಹೇಗೆ ತೋರಿಸಿಕೊಡುತ್ತಾರೆ ಎಂಬುದಕ್ಕೆ ಅದು ನನ್ನ ಸಿದ್ಧ ಉದಾಹರಣೆ. ನಾನು ಸುಮ್ಮನೆ ನಿಂತಿದ್ದೆ, ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯಾಕೆ ಸಾಬರ ಹೆಸರು ಹೇಳಿದಳು ಎಂದು. ಆಕೆಯ ಸೆರಗು, ಬಾಗಿಲ ಚೌಕಟ್ಟು ಹಿಡಿದಿದ್ದ ಕೈ, ಎಲ್ಲ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಹಿಂಬಾಲಕರು ಮೇಲೆ ಹತ್ತಿದರು. ಆರು ಮನೆಗಳ ಹೊದಿಕೆಯನ್ನೂ ಎತ್ತೆತ್ತಿ ಯಾರ ಮುಖವೆಂದು ನೋಡಿದರು. ಅವರಣ್ಣನವು ಮೂರು ಸಿಕ್ಕವು, ಕಿತ್ತುಕೊಂಡರು. ಬೇರೆಯವರ ಮುಖ ಇದ್ದವನ್ನು ಹಾಗೇ ಬಿಟ್ಟರು. ನಮ್ಮದು ಆ ಮೂರರಲ್ಲಿ ಒಂದು. ಅಣ್ಣನವರಿಗೆ ಅಗೌರವವಾಗದಂತೆ ಅದನ್ನು ಜೋಪಾನವಾಗಿ ಸುತ್ತಿ ಒಯ್ದರು. ಮಗು ತೂತಿನ ಕೆಳಗೆ ಉಳಿಯಿತು.

ಮರುದಿನ ಬೆಳಿಗ್ಗೆ ಜೆಸಿಬಿ ಬಂತು. ನಾಲ್ಕು ದಿನದಿಂದ ಅಲ್ಲಾಡದೆ ಬಿದ್ದಿದ್ದ ಮರವನ್ನು ಒಂದೇ ಸಲಕ್ಕೆ ಬದಿಗೆ ತಳ್ಳಿತು. ನಮಗೆ ದಾರಿ ಮಾಡಲು ಅಲ್ಲ, ತಾನು ದಾಟಲು. ಸೀದಾ ಹೋಗಿ ಸಾಬರ ಅಂಗಡಿಯ ಮುಂದೆ ನಿಂತಿತು. ಚರಂಡಿ ಕಟ್ಟಿಕೊಂಡದ್ದು ಅಂಗಡಿಯಿಂದಲೇ ಎಂದು ಯಾರೋ ಕೂಗಿ ಹೇಳಿದರು. ನಿಜಕ್ಕೂ ಚರಂಡಿ ಕಟ್ಟಿದ್ದ ಬೆಳ್ಳಕ್ಕಿಗಳಿದ್ದದ್ದು ಇಪ್ಪತ್ತು ಮಾರು ಆಚೆ.

"ಬ್ರಷ್ ಡಬ್ಬಿ ಒಂದ್ ತಕ್ಕೊಳ್ತೀನಿ ಸ್ವಾಮಿ" ಎಂದರು ಸಾಬರು. ಅಷ್ಟಕ್ಕೆ ಬಿಟ್ಟರು. ಹತ್ತು ನಿಮಿಷದಲ್ಲಿ ಅಂಗಡಿ ತಗಡಿನ ಮುದ್ದೆಯಾಯಿತು. ನಾವು ಆರು ಮನೆಯವರು ನಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದೆವು. ಆ ಕಂಬಳಿ ಹೊದಿಸಿಕೊಂಡ ಮಗು ನನ್ನ ಹೆಗಲ ಮೇಲಿತ್ತು. ಹಿಂದಿನ ದಿನ ಅಷ್ಟು ಅಸಹ್ಯಪಟ್ಟವಳು ಅದನ್ನು ಯಾಕೆ ಬಿಸಾಡಲಿಲ್ಲ? ಬೆಚ್ಚಗಿತ್ತು, ಅದಕ್ಕೆ.

ಮಧ್ಯಾಹ್ನ ಮತ್ತೆ ಮೋಡ ಕಟ್ಟಿತು. ಬಾಗಿಲು ತಟ್ಟಿದ ಸದ್ದಾಯಿತು. ಏಣಿ ಹಿಡಿದು ಸಾಬರು ನಿಂತಿದ್ದರು, ಕಂಕುಳಲ್ಲಿ ಒಂದು ತಗಡಿನ ಬೋರ್ಡು. ಅಂಗಡಿಯ ನೆತ್ತಿಯಲ್ಲಿದ್ದದ್ದು. 'ಇಲ್ಲಿ ಬೋರ್ಡ್ ಬರೆಯಲಾಗುವುದು' ಎಂದು ಹಳದಿಯ ಮೇಲೆ ಕೆಂಪಿನಲ್ಲಿ, ಅವರ ಕೈಯದೇ ಗುಂಡಗಿನ ಅಕ್ಷರ. ಒಂದು ಮೂಲೆ ಜಜ್ಜಿಹೋಗಿತ್ತು.

"ಬೇಡ ಸಾಬ್ರೇ, ನಿಮಗೇ ಬೇಕಾಗುತ್ತೆ" ಎಂದೆ.

"ಅಂಗ್ಡೀನೇ ಇಲ್ಲ, ಬೋರ್ಡ್ ಇಟ್ಕೊಂಡ್ ಏನ್ಮಾಡ್ಲಮ್ಮ? ತಗಡು ಗಟ್ಟಿಯಾಗೈತೆ." ಆಮೇಲೆ ಮಗುವನ್ನು ನೋಡುತ್ತಾ ಹೇಳಿದರು. "ಇದ್ರಲ್ಲಿ ಯಾರ್ ಮೊಖಾನೂ ಇಲ್ಲ ಟೀಚರಮ್ಮ. ಯಾರೂ ಕೇಳಕ್ ಬರಲ್ಲ."

ಅಕ್ಷರ ಒಳಗೆ ಬರುವಂತೆ ಕೂರಿಸಿ, ಗಾಳಿಗೆ ಹಾರದ ಹಾಗೆ ತಂತಿ ಬಿಗಿದು ಇಳಿದು ಹೋದರು. ಟೀ ಕುಡಿದು ಹೋಗಿ ಎಂದೆನೆ? ಗೊತ್ತಿಲ್ಲ... ಅಂದಿದ್ದೇನೆ ಎಂದು ನಂಬಲು ಮನಸ್ಸಾಗುತ್ತದೆ. ಅದಕ್ಕೇ ಅನುಮಾನ.

ತಿಂಗಳೊಳಗೆ ಅವರು ಹೆಂಡತಿಯ ಜೊತೆ ಗುಬ್ಬಿಗೆ, ಮಗಳ ಮನೆಗೆ ಹೋದರು. ಮನೆಯ ಓನರ್ ಶೀಟು ಬದಲಾಯಿಸಲೇ ಇಲ್ಲ, ನಾವು ಇನ್ನೂ ಎರಡು ವರ್ಷ ಆ ಬೋರ್ಡಿನ ಕೆಳಗೇ ಬಾಳಿದೆವು. ತೊಟ್ಟಿಲಲ್ಲಿ ಅಂಗಾತ ಮಲಗಿ ಮಗಳು ಆ ಕೆಂಪು ಅಕ್ಷರಗಳ ಜೊತೆ ಏನೇನೋ ಮಾತಾಡುತ್ತಿದ್ದಳು. ಮನೆ ಬಿಡುವಾಗ ಸಾಮಾನೆಲ್ಲ ಎಣಿಸಿ ತುಂಬಿಸಿದೆ, ಬೋರ್ಡ್ ಬಿಚ್ಚಿಸಿಕೊಳ್ಳಲಿಲ್ಲ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ಇದೆ.

ಹೋದ ವಾರ ಆ ಫ್ಲೆಕ್ಸ್ ನೋಡಿದ ದಿನ ಕಾಲೇಜಿನಿಂದ ಬಂದವಳೇ ಆ ವರ್ಷದ ಡೈರಿ ಹುಡುಕಿದೆ. ಒದ್ದೆಯಾಗಿ ಒಣಗಿದ ಹಾಳೆಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಬಳಿ ಬಂದ ದಿನದ್ದು ಮೂರೇ ಸಾಲು, ನನ್ನದೇ ಕೈಬರಹ. 'ಯಾರು ಹಾಕಿದ್ದು ಎಂದು ಕೇಳಿದರು. ನಾನು ಹೇಳಿದೆ. ಪಕ್ಕದ ಮನೆಯಾಕೆ ಊರಲ್ಲಿರಲಿಲ್ಲ, ಇದ್ದಿದ್ದರೆ ಮಗುವನ್ನು ಅಲ್ಲಿ ಮಲಗಿಸಬಹುದಿತ್ತು.'

ಸೆರಗು, ಚೌಕಟ್ಟು ಹಿಡಿದ ಕೈ, ಎಲ್ಲವನ್ನೂ ನಾನೇ ಹೆಣೆದಿದ್ದೆ. ಹದಿಮೂರು ವರ್ಷ ಮಕ್ಕಳಿಗೆ ಸಾಕ್ಷ್ಯ ಎಂದರೇನು ಎಂದು ಪಾಠ ಹೇಳುತ್ತಾ ಊರಲ್ಲೇ ಇರದ ಒಬ್ಬ ಹೆಂಗಸಿನ ತಲೆಗೆ ನನ್ನ ಮಾತನ್ನು ಕಟ್ಟಿದ್ದೆ. ಕಂಟ್ರಾಕ್ಟರನ ನಗು, ಆ ಪೇಪರ್ ಕಪ್ಪು, ಚರಂಡಿಯ ನಾತ, ಇವುಗಳ ಬಗ್ಗೆ ಇಷ್ಟು ವರ್ಷ ಪಟ್ಟ ಅಸಹ್ಯವೆಲ್ಲ ಈ ಮೂರು ಸಾಲಿನ ಮೇಲೆ ಹೊದಿಸಿದ್ದ ಹೊದಿಕೆಯೇ ಇರಬೇಕು.

ಸಾಬರಿಗೆ ಗೊತ್ತಿತ್ತೇ? ಗೊತ್ತಿದ್ದೇ ಆ ಬೋರ್ಡ್ ತಂದರೇ? ಕೇಳಬೇಕೆಂದು ಭಾನುವಾರ ಗುಬ್ಬಿಗೆ ಹೋದೆ. ತುಮಕೂರಿನಿಂದ ಅರ್ಧ ಗಂಟೆಯ ದಾರಿ, ಹದಿಮೂರು ವರ್ಷ ಹಿಡಿಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯಲ್ಲಿ ವಿಚಾರಿಸಿದೆ.

"ಬೋರ್ಡ್ ಬರೀತಿದ್ದ ಸಾಬ್ರಾ? ಅವ್ರು ತೀರ್ಹೋಗಿ ಏಳೆಂಟ್ ವರ್ಷ ಆಯ್ತಲ್ಲಮ್ಮ" ಎಂದರು ಅಂಗಡಿಯವರು. ಮಗಳ ಮನೆಯ ದಾರಿಯನ್ನೂ ಹೇಳಿದರು. ನಾನು ಹೋಗಲಿಲ್ಲ. ಹೋಗಿದ್ದರೆ ಆ ಮಗಳ ಮುಂದೆಯೂ ಫೋಟೊಕ್ಕೆ ನಿಂತ ಹಾಗೆ ಈಚೆ ನೋಡಿ ನಿಲ್ಲುತ್ತಿದ್ದೆ ಎನಿಸಿತು. ಟೀ ಆರಿತು, ಬಸ್ ಹತ್ತಿದೆ.

ಇವತ್ತು ಕಾಲೇಜಿನಲ್ಲಿ ಗೇಟಿನ ಫ್ಲೆಕ್ಸ್ ಬಿಚ್ಚಿದರು. ನಮ್ಮ ಅಟೆಂಡರ್ ಕೋರದ ಕಡೆಯ ಹೆಂಗಸು. ಮನೆಯ ಶೀಟು ಸೀಳಿದೆ, ಈ ಫ್ಲೆಕ್ಸ್ ತನಗೆ ಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದಳು. ತಗೊಂಡು ಹೋಗು ಎಂದೆ. ಇಬ್ಬರೂ ಸೇರಿ ಮಡಿಸಿದೆವು. ಕೈ ತಾನಾಗಿಯೇ ಮುಖವನ್ನು ಒಳಗೆ ಹಾಕಿತು. ಆಗ ಅವಳ ಮನೆಯ ಶೀಟಿನ ಸೀಳು ಕಣ್ಣಿಗೆ ಬಂತು, ಅದರ ಕೆಳಗೆ ಮಲಗುವವರು ದಿನಾ ಏನನ್ನು ನೋಡಬೇಕಾಗುತ್ತದೆ ಎಂಬುದೂ.

"ಹೊದಿಸುವಾಗ ಮುಖ ಮೇಲೆ ಮಾಡಿ ಹಾಕು" ಎಂದೆ.

"ಅಯ್ಯೋ ಮೇಡಂ, ನಿಮ್ ಮೊಖದ್ ಮ್ಯಾಲೆ ಮಳೆ ಬೀಳ್ತದಲ್ಲ" ಎಂದಳು ಅವಳು.

ಬೀಳಲಿ ಎಂದೆ.