ಮುನಿಲಕ್ಷ್ಮಮ್ಮ ರುಚಿ ನೋಡಿದ ನೀರು

ನಾನು ಬದುಕಿದ್ದು ಒಬ್ಬ ಆಯಾ ಎಂಜಲು ಮಾಡಿದ ನೀರಿನಿಂದ. ನಮ್ಮ ಮನೆಯಲ್ಲಿ ಯಾರೂ ಇದನ್ನು ಹೀಗೆ ಹೇಳುವುದಿಲ್ಲ. "ರಾಯರು ಕಾಪಾಡಿದರು" ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ರಾಯರ ಮೇಲೆ ಸಿಟ್ಟಿಲ್ಲ. ಹೊಸಹಳ್ಳಿಯ ಮುನಿಲಕ್ಷ್ಮಮ್ಮನವರ ಹೆಸರನ್ನು ನುಂಗಿ ನೀರು ಕುಡಿದವರ ಮೇಲೆ.

ಮುನಿಲಕ್ಷ್ಮಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನ ರಾಗಿ ಹೊಲ ಬಡಾವಣೆಗೆ ಹೋದ ಮೇಲೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದ್ದರು. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದೂ ಅವರೇ. ಆದರೂ ನಮ್ಮ ಮನೆಗೆ ಬಂದರೆ ಜಗಲಿಯಿಂದ ಒಳಗೆ ಕಾಲಿಡುವಂತಿರಲಿಲ್ಲ.

ನಮ್ಮಪ್ಪ ಸೇತುರಾಮ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲೆಕ್ಚರರು. ಕೊರೆದ ಆಲೂಗೆಡ್ಡೆಗೆ ಸಕ್ಕರೆ ತುಂಬಿ, ತಟ್ಟೆಯ ನೀರಿನಲ್ಲಿಟ್ಟು, ನೀರು ತಾನಾಗಿ ಗೆಡ್ಡೆಯೊಳಕ್ಕೆ ಏರುವುದನ್ನು ಹುಡುಗರಿಗೆ ತೋರಿಸುತ್ತಿದ್ದರು. "ಜೀವ ಅಂದ್ರೆ ಉಪ್ಪು, ನೀರಿನ ಲೆಕ್ಕ ಕಣ್ರೋ" ಅನ್ನುತ್ತಿದ್ದರಂತೆ. ಆ ಲೆಕ್ಕ ಕಾಲೇಜಿನ ಗೇಟು ದಾಟಿ ವಿಜಯನಗರದ ನಮ್ಮ ಬಾಡಿಗೆ ಮನೆಗೆ ಬರಲೇ ಇಲ್ಲ.

1975ರ ಬೇಸಿಗೆ. ಹತ್ತು ತಿಂಗಳ ನನಗೆ ವಾಂತಿ ಭೇದಿ ಹತ್ತಿಕೊಂಡಿತು. ಅಪ್ಪನ ತಾಯಿ, ನಮ್ಮಜ್ಜಿ, "ಕುಡಿಸಿದಷ್ಟೂ ಹೋಗತ್ತೆ" ಎಂದು ನೀರು ನಿಲ್ಲಿಸಿದರು. ಎಂ.ಎಸ್ಸಿ. ಮಾಡಿದ್ದ ಅಪ್ಪ ಹೂಂ ಎಂದು ತಲೆಯಾಡಿಸಿದರು! ಎರಡನೆಯ ದಿನ ಭಾನುವಾರ, ಡಾಕ್ಟರ ಷಾಪಿಗೆ ಬೀಗ. ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣು ಗುಳಿ ಬಿದ್ದಿತ್ತು, ಅತ್ತರೆ ಕಣ್ಣೀರಿಲ್ಲ. ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊಸಹಳ್ಳಿಗೆ ಓಡಿ ಮುನಿಲಕ್ಷ್ಮಮ್ಮನವರನ್ನು ಕರೆತಂದಳು.

ಅವರು ಜಗಲಿಯಿಂದಲೇ ಬಾಗಿ, ಹೊಸ್ತಿಲ ಒಳಗೆ ಮಲಗಿಸಿದ್ದ ನನ್ನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಅದು ಮಡಿಕೆಯಾಗಿ ಹಾಗೇ ನಿಂತಿತು.

"ಯಾರವ್ವಾ ನೀರು ನಿಲ್ಸಿದ್ದು? ತಳದಾಗೆ ಸೋರ್ತಾ ಐತೆ, ಮೇಲಿಂದ ಹುಯ್ಯೋದೂ ಬ್ಯಾಡ್ವಾ?"

ಕಾಯಿಸಿ ಆರಿಸಿದ ನೀರು ಮನೆಯಲ್ಲಿದ್ದದ್ದು ಒಂದೇ ಚೊಂಬು, ಅರ್ಧ ಲೀಟರಿನಷ್ಟು. ಅದಕ್ಕೆ ಒಂದು ಹಿಡಿ ಸಕ್ಕರೆ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದರು. ಒಂದು ಚಮಚ ಬಾಯಿಗಿಟ್ಟು ರುಚಿ ನೋಡಿ, ಅದೇ ಚಮಚವನ್ನು ಮತ್ತೆ ಚೊಂಬಿಗೆ ಅದ್ದಿದರು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಮಗುವಿಗೆ ಕೊಡಕೂಡದು ಎಂದು ಆಸ್ಪತ್ರೆಯ ಲೇಡಿ ಡಾಕ್ಟರು ಕಲಿಸಿದ್ದರು. ಮುನಿಲಕ್ಷ್ಮಮ್ಮನವರ ನಾಲಗೆಯೇ ಅವರ ತಕ್ಕಡಿ.

"ಎಂಜಲು!" ಅಜ್ಜಿ ಚೀರಿದರು. "ಅದು ಮಗು ಬಾಯಿಗೆ ಹೋಗಕೂಡದು. ಬೇರೆ ನೀರು ಕಾಯ್ಸಿ."

"ಕಾದು ಆರೋಗಂಟ ಈ ಮಗ ಇರಾಕಿಲ್ಲ, ಅಮ್ಮಾರೆ."

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಗೋಡೆ ನೋಡಿದರು. "ಅಮ್ಮ ಹೇಳೋದ್ರಲ್ಲೂ ಒಂದು ಅರ್ಥ ಇದೆ. ಇನ್ನೊಂದು ಸಲ ಕಾಯಿಸೋಣ" ಎಂದರು. ಮಗಳ ಜೀವ ಹೋಗುತ್ತಿದೆ, ಈ ವಿದ್ವಾಂಸರಿಗೆ ಚಮಚದ ಚಿಂತೆ!

ಅತ್ತೆಯ ಮುಂದೆ ಎಂದೂ ದನಿ ಎತ್ತದ ಅಮ್ಮ ಚೊಂಬು ಕಸಿದುಕೊಂಡಳು. "ಪಾಠ ಹೇಳೋಕೆ ಉಪ್ಪು ನೀರು ಬೇಕು, ಮಗು ಉಳ್ಸೋಕೆ ಬೇಡ್ವೇನ್ರೀ?" ಎಂದು ನನ್ನನ್ನು ಜಗಲಿಗೆ ಎತ್ತಿಕೊಂಡು ಬಂದಳು.

ಒಂದು ಚಮಚ. ವಾಂತಿ. ಸ್ವಲ್ಪ ತಡೆದು ಇನ್ನೊಂದು ಚಮಚ. ಅಮ್ಮನ ತೊಡೆಯ ಮೇಲೆ ನಾನು, ಮುನಿಲಕ್ಷ್ಮಮ್ಮನವರ ಕೈಯಲ್ಲಿ ಚಮಚ. ಬಿಸಿಲು ಇಳಿಯುವ ಹೊತ್ತಿಗೆ ಅಮ್ಮನ ಸೀರೆ ಒದ್ದೆಯಾಯಿತು.

"ಮಗ ಉಚ್ಚೆ ಹುಯ್ತು ಕಣವ್ವೋ! ಬದುಕ್ತು!" ಮುನಿಲಕ್ಷ್ಮಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಆಮೇಲೆ ಅಪ್ಪ ಸ್ಟಾಫ್ ರೂಮಿನಲ್ಲಿ, ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಚೆನ್ನಾಗಿ ಹೀರುತ್ತದೆ, ಉಪ್ಪಿನ ಹಿಂದೆಯೇ ನೀರೂ ರಕ್ತಕ್ಕೆ ಹೋಗುತ್ತದೆ ಎಂದು ಸೊಗಸಾಗಿ ವಿವರಿಸುತ್ತಿದ್ದರಂತೆ. ಆ ವಿವರಣೆಯಲ್ಲಿ ಮುನಿಲಕ್ಷ್ಮಮ್ಮನವರ ಹೆಸರಿರಲಿಲ್ಲ.

ಆ ಸಂಜೆಯೇ ಅಜ್ಜಿ ಚೊಂಬನ್ನು ಅಂಗಳಕ್ಕೆ ತರಿಸಿ, ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ಉಜ್ಜಿಸಿ, ಬೆಂಕಿಗೆ ಹಿಡಿಸಿದರು. ಮುನಿಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಅದನ್ನೆಲ್ಲ ನೋಡಿದರು. ಅಪ್ಪನೂ ನಿಂತು ನೋಡಿದರು. ಚೊಂಬಿನಲ್ಲಿ ತೊಳೆಯಲು ಏನೂ ಉಳಿದಿಲ್ಲವೆಂದು ಅಪ್ಪನಿಗಾದರೂ ಗೊತ್ತಿತ್ತು. ಅಷ್ಟೂ ನೀರು ಆಗಲೇ ನನ್ನ ರಕ್ತವಾಗಿತ್ತು. ಉಜ್ಜುವುದಿದ್ದರೆ ನನ್ನನ್ನು ಉಜ್ಜಬೇಕಿತ್ತು.