ಖಾಲಿ ಸೀಟಿನ ಬೆಲ್ಟು

ನಮ್ಮ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಗಂಡ ಮುಂದೆ ಒಬ್ಬರೇ, ನಾನು ಮತ್ತು ಮಗಳು ಹಿಂದೆ. ಒಮಾನ್ ದೇಶದ ಮಸ್ಕತ್ತಿನಲ್ಲಿ, ಮದೀನತ್ ಸುಲ್ತಾನ್ ಖಾಬೂಸ್‌ನ ನಮ್ಮ ಬೀದಿಗೆ ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಾರೆ. "ಎಂತ ಮಾರಾಯ್ರೆ, ಹೆಂಡತಿಗೆ ಟ್ಯಾಕ್ಸಿ ಓಡಿಸ್ತಿದ್ದೀರಾ?" ಎಂದು ಒಬ್ಬರು ಇಗರ್ಜಿಯ ಪಾರ್ಕಿಂಗಿನಲ್ಲಿ ಎಲ್ಲರೆದುರು ಕೇಳಿದ್ದರು. ಗಂಡ ಹಲ್ಲು ಕಿರಿದು ಕಾರಿನ ಬಾಗಿಲು ತೆರೆದರು. ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡು ಇರಬಹುದಲ್ಲ?

ಆ ಸೀಟು ನನ್ನ ತಮ್ಮನದು. ಅವನು ತೀರಿಹೋದದ್ದು ಹಳೆಯ ಕಾರಿನಲ್ಲಿ, ಅದು ಗುಜರಿಗೆ ಹೋಯಿತು. ಈ ಕಾರಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಇದು ಮನೆಗೆ ಬಂದ ಮೊದಲ ದಿನವೇ ನಾನೂ ಮಗಳೂ ಒಂದು ಮಾತಾಡದೆ ಹಿಂದಿನ ಬಾಗಿಲು ತೆರೆದು ಕೂತೆವು. ಆಮೇಲೆ ಶುರುವಾಯಿತು ಆ ಸದ್ದು. ಸೀಟಿನ ಮೇಲೆ ಏನೂ ಇಲ್ಲ, ಆದರೂ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಎನ್ನುವ ಹಾಗೆ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತಿತ್ತು. ಗ್ಯಾರೇಜಿನವನು "ಸೆನ್ಸರ್ ಖರಾಬ್ ಹೈ, ಬದಲ್ ದೂಂ?" ಎಂದ. ಬದಲಿಸುವುದು ಬೇಡ ಎಂದರು ಗಂಡ. ಬಗ್ಗಿ, ಆ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದರು. ಸದ್ದು ನಿಂತಿತು. ಅಂದಿನಿಂದ ಆ ಬೆಲ್ಟು ಹಾಗೆಯೇ ಇದೆ. ಕಾರು ತೊಳೆಯುವವನು ಎಲ್ಲಿಯಾದರೂ ಬಿಚ್ಚಿಟ್ಟರೆ ಇವರು ಬಂದು ಮತ್ತೆ ಹಾಕುತ್ತಾರೆ.

ಹೀಗಿರುವಾಗ ಈ ಸಲದ ರಜೆಗೆ ಯುರೋಪಿಗೆ ಹೋಗುವ ಮಾತು ಎದ್ದಿತು. ಎದ್ದಿತು ಅನ್ನುವುದಕ್ಕಿಂತ, ಹೂತಿಟ್ಟದ್ದು ಮೇಲೆ ಬಂತು ಅನ್ನಬೇಕು. ಯಾಕೆಂದರೆ ತಮ್ಮ ತೀರಿಹೋದ ದಿನ ಇಬ್ರಿಯಿಂದ ಬರುವ ದಾರಿಯಲ್ಲಿ ನಾವು ಜಗಳವಾಡುತ್ತಿದ್ದದ್ದು ಇದೇ ವಿಷಯಕ್ಕೆ. ಯುರೋಪಿನಲ್ಲಿ ಸುತ್ತುವುದು ಟ್ರೇನಿನಲ್ಲೋ, ಕಾರಿನಲ್ಲೋ?

ನನ್ನ ತಮ್ಮ ಮಸ್ಕತ್ತಿನಿಂದ ಮೂರು ಗಂಟೆ ದೂರದ ಇಬ್ರಿಯಲ್ಲಿ ಟೈರ್ ಅಂಗಡಿಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದ. ರಜೆ ಬಂದರೆ ನಾವೇ ಹೋಗಿ ಅವನನ್ನು ಮಸ್ಕತ್ತಿಗೆ ಕರೆತರುತ್ತಿದ್ದೆವು. ಮನೆಯಲ್ಲಿ ನಮ್ಮದು ಕೊಂಕಣಿ, ಜಗಳ ಮಾತ್ರ ಕನ್ನಡದಲ್ಲಿ. ಮಗಳಿಗೆ ಅರ್ಥವಾಗುವುದಿಲ್ಲ ಎಂದು ನಮ್ಮ ಲೆಕ್ಕ. ಆಗ ಅವಳು ಇನ್ನೂ ಚಿಕ್ಕವಳು, ನನ್ನ ಪಕ್ಕದಲ್ಲಿ ಕೂತು ಬಿಸ್ಕಿಟ್ ತಿನ್ನುತ್ತಿದ್ದಳು.

"ಕಾರೇ ಸರಿ," ಎಂದರು ನನ್ನ ಗಂಡ. "ಅಲ್ಲಿಯೂ ಇಲ್ಲಿಯ ಹಾಗೆ ಬಲಗಡೆಯೇ ಓಡಿಸೋದು. ಇಟಲಿಯಿಂದ ಗುಡ್ಡ ಹತ್ತಿ ಸ್ವಿಟ್ಜರ್ಲೆಂಡಿಗೆ ನಾನೇ ಕರ್ಕೊಂಡು ಹೋಗ್ತೇನೆ."

"ಈ ಊರಲ್ಲಿ ಹಾಲು ತರ್ಲಿಕ್ಕೂ ಕಾರು, ಪೂಜೆಗೆ ಹೋಗ್ಲಿಕ್ಕೂ ಕಾರು. ಅಲ್ಲಿ ಹೋಗಿಯೂ ಕಾರಾ? ನನಗೆ ಟ್ರೇನಲ್ಲಿ ಕಿಟಕಿ ಪಕ್ಕ ಕೂತು ಆರಾಮಾಗಿ ಚಾ ಕುಡೀಬೇಕು," ಎಂದೆ ನಾನು.

ಮುಂದಿನ ಸೀಟಿನಲ್ಲಿದ್ದ ತಮ್ಮ ದೊಡ್ಡ ಪಂಚಾಯ್ತಿದಾರನ ಹಾಗೆ ಗಂಟಲು ಸರಿಮಾಡಿಕೊಂಡ. "ನೋಡಿ, ಒಂದು ವೋಟು ಅತ್ಲಾಗೆ, ಒಂದು ಇತ್ಲಾಗೆ. ನಾನು ಹೇಳಿದ್ದೇ ಫೈನಲ್. ಆದ್ರೆ ಅಕ್ಕ ಚಿಕನ್ ಸುಕ್ಕ ಮಾಡಿ ಬಡಿಸುವ ತನಕ ನಾನು ಬಾಯಿ ಬಿಡೂದಿಲ್ಲ." ಅವನ ಕೊಬ್ಬು ನೋಡಬೇಕಿತ್ತು. ಮಾತು ಎಷ್ಟು ತಿಳಿಯಿತೋ, ಮಗಳು "ಮಾಮ, ನನಗೆ ಹೇಳು, ನನಗೆ ಮಾತ್ರ," ಎಂದು ದುಂಬಾಲು ಬಿದ್ದಳು. ಅವನು ಬೆಲ್ಟ್ ಬಿಚ್ಚಿ, ಹಿಂದೆ ತಿರುಗಿ, ಸೀಟುಗಳ ನಡುವೆ ಬಗ್ಗಿ ಅವಳ ಕಿವಿಗೆ ಬಾಯಿಟ್ಟ. ಟಿಣ್ ಟಿಣ್ ಶುರುವಾಯಿತು.

"ಬೆಲ್ಟ್ ಹಾಕು ಮಾರಾಯ, ತಲೆ ತಿಂತದೆ ಅದು," ಎಂದರು ಗಂಡ.

"ಒಂದ್ನಿಮಿಷ ಭಾವ."

ಅದೇ ಹೊತ್ತಿಗೆ ಎದುರಿನಿಂದ ಬಂದ ಲಾರಿಯೊಂದು ದೀಪ ಮಿಣುಕಿಸಿ ಹೋಯಿತು. ಇಲ್ಲಿ ಕಾರು ಓಡಿಸುವ ನಮ್ಮವರಿಗೆಲ್ಲ ಅದರ ಅರ್ಥ ಗೊತ್ತು: ಮುಂದೆ ವೇಗ ಹಿಡಿಯುವ ರಾಡಾರ್ ಕ್ಯಾಮೆರಾ ಇದೆ, ನಿಧಾನ. ಗಂಡ ವೇಗ ತಗ್ಗಿಸಿದರು. ಸ್ವಲ್ಪ ಮುಂದೆ ರಸ್ತೆ ಬದಿಯಲ್ಲಿ ಕ್ಯಾಮೆರಾದ ಬೂದು ಡಬ್ಬ ಕಂಡಿತು, ದಾಟಿದೆವು. "ಖಲಾಸ್, ಯಲ್ಲಾ, ಮುಗೀತು, ಇನ್ನು ಹೋಗುವ," ಎಂದು ಅವರು ಮತ್ತೆ ಆಕ್ಸಿಲರೇಟರ್ ಒತ್ತಿದರು. ಲಾರಿಯವನು ದೀಪ ಮಿಣುಕಿಸಿದ್ದು ರಾಡಾರಿಗಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಮರಳಿನ ಬಣ್ಣದ ಒಂಟೆಯೊಂದು ರಸ್ತೆಯ ನಡುವೆ ನಿಂತಿತ್ತು.

ಉಳಿದದ್ದನ್ನು ನಾನು ಬರೆಯುವುದಿಲ್ಲ. ಬೆಲ್ಟ್ ಹಾಕಿದ್ದ ನಾವು ಮೂವರು ಬದುಕಿದೆವು. ಎಲ್ಲ ನಿಂತು ಹೋದ ಮೇಲೂ ಆ ಟಿಣ್ ಟಿಣ್ ಮಾತ್ರ ನಿಂತಿರಲಿಲ್ಲ. ಈಗಲೂ ಮೈಕ್ರೋವೇವ್ ಸದ್ದು ಮಾಡುವ ಮೊದಲೇ ನಾನು ಓಡಿಹೋಗಿ ಅದನ್ನು ನಿಲ್ಲಿಸುತ್ತೇನೆ.

ಅವನು ಮಗಳ ಕಿವಿಯಲ್ಲಿ ಏನು ಹೇಳಿದ ಎಂದು ನಾವು ಕೇಳಲಿಲ್ಲ. ಹೇಗೆ ಕೇಳುವುದು? ಚಿಕ್ಕ ಮಗು, ಮರೆತಿರಬಹುದು, ಮರೆಯಲಿ ದೇವರೇ ಎಂದುಕೊಂಡೆವು. ಇವರು ಅಂದಿನಿಂದ ಇಬ್ರಿ ಇರಲಿ, ಅರ್ಧ ದಾರಿಯ ನಿಜ್ವಾ ಕಡೆಗೂ ಕಾರು ತಿರುಗಿಸಲಿಲ್ಲ. ಆಫೀಸು, ಶಾಲೆ, ಇಗರ್ಜಿ, ಅಷ್ಟೆ. ಹೆದ್ದಾರಿಯಲ್ಲಿ ಎದುರಿನವರು ದೀಪ ಹಾಕಿದರೆ ಸಾಕು, ಕಾರನ್ನು ಬದಿಗೆ ನಿಲ್ಲಿಸಿ, ಬೆವರು ಒರೆಸಿಕೊಂಡು ಕೂತುಬಿಡುತ್ತಿದ್ದರು. ಒಂದು ಕಾಲದಲ್ಲಿ ಸ್ಟೀರಿಂಗ್ ಹಿಡಿದರೆ ರಾಜನ ಹಾಗೆ ಇದ್ದವರು.

ಈಗ ಊಟದ ಮೇಜಿನ ಮೇಲೆ ಮೊಬೈಲ್ ಇಟ್ಟು ಅವರೇ ಹೇಳಿದರು. "ಟ್ರೇನಿನ ಪಾಸ್ ನೋಡಿದ್ದೇನೆ. ಟ್ರೇನಲ್ಲೇ ಹೋಗುವ." ನಾನು ಗೆದ್ದೆ. ಹಾಳಾದ ಗೆಲುವು.

"ನೋ," ಎಂದಳು ಮಗಳು. ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. "ವಿ ಆರ್ ಗೋಯಿಂಗ್ ಬೈ ಕಾರ್. ಪಪ್ಪಾ ವಿಲ್ ಡ್ರೈವ್."

ನನಗೆ ಪಿತ್ತ ನೆತ್ತಿಗೇರಿತು. "ತಲೆ ಸರಿ ಉಂಟಾ ನಿನಗೆ? ಬೇರೆ ಯಾರಾದ್ರೂ ಹೇಳಿದ್ರೆ ಹೌದು, ನೀನು ಹೇಳ್ತಿಯಾ ಇದನ್ನು? ನಿನ್ನ ಅಪ್ಪನ ಮುಖ ನೋಡು ಒಮ್ಮೆ!"

ಗಂಡ ತಟ್ಟೆ ಬಿಟ್ಟು ಎದ್ದರು. ಆಗ ಮಗಳು ಇಂಗ್ಲಿಷ್ ಬಿಟ್ಟಳು. ನಮ್ಮ ಜಗಳದ ಕನ್ನಡದಲ್ಲಿ, ಒಂದು ಅಕ್ಷರ ತಪ್ಪದೆ, ನನ್ನ ತಮ್ಮನ ರಾಗದಲ್ಲೇ ಹೇಳಿದಳು:

"ಕಾರು. ಭಾವ ಓಡಿಸಿದ್ರೆ ನಾನು ಕಣ್ಣು ಮುಚ್ಚಿ ನಿದ್ದೆ ಮಾಡ್ತೇನೆ. ಅಕ್ಕನಿಗೆ ಹೇಳ್ಬೇಡ, ಮತ್ತೆ ಸುಕ್ಕ ಸಿಗೂದಿಲ್ಲ."

ಇಷ್ಟು ವರ್ಷಗಳ ಮೇಲೆ ಅವನೇ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು, ನಾನು ತಿರುಗಿಯೂ ನೋಡಿದೆ. ಗಂಡ ಸಿಂಕಿನ ಎದುರು ಬೆನ್ನು ಹಾಕಿ ನಿಂತಿದ್ದರು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

"ನಾನು ಹೇಳು ಹೇಳು ಅಂತ ಕೇಳಿದ್ದಕ್ಕೆ ಮಾಮ ಬೆಲ್ಟ್ ತೆಗ್ದದ್ದು," ಎಂದಳು ಮಗಳು. "ಅದಕ್ಕೇ ಹೇಳ್ಲಿಲ್ಲ ನಾನು. ನೀವು ಬೈತೀರಿ ಅಂತ."

ಅಯ್ಯೋ ನನ್ನ ಬಂಗಾರವೇ! ಅವಳನ್ನು ಎದೆಗೊತ್ತಿಕೊಂಡು ಹೋ ಎಂದು ಅತ್ತುಬಿಟ್ಟೆ. ದೀಪದ ಅರ್ಥ ರಾಡಾರ್ ಎಂದು ತಿಳಿದದ್ದಕ್ಕೆ ಒಬ್ಬರು ಮುಂದಿನ ಸೀಟಿನಲ್ಲಿ ಬೆಂದರು, ಮಾಮನ ಗುಟ್ಟಿಗೆ ಕಿವಿಗೊಟ್ಟದ್ದಕ್ಕೆ ಒಬ್ಬಳು ಹಿಂದಿನ ಸೀಟಿನಲ್ಲಿ. ಇವಳ ಪಕ್ಕದಲ್ಲೇ ಕೂತು ಓಡಾಡಿದ ನನಗೆ ಏನೂ ತಿಳಿಯಲಿಲ್ಲ.

ಶುಕ್ರವಾರ, ಇಲ್ಲಿಯ ವಾರದ ರಜೆಯ ದಿನ, ಇಗರ್ಜಿಯ ಪೂಜೆಗೆ ಹೊರಟಾಗ ಮಗಳು ಮುಂದಿನ ಬಾಗಿಲು ತೆರೆದಳು. ಖಾಲಿ ಸೀಟಿನ ಬೆಲ್ಟನ್ನು ತಾನೇ ಬಿಚ್ಚಿ ಕೂತಳು. ಕಾರು ಶುರುವಾದದ್ದೇ ಟಿಣ್ ಟಿಣ್ ಎಂದು ಬಡಿದುಕೊಂಡಿತು. ಗಂಡ ಗೇರು ಹಾಕಲಿಲ್ಲ. ಶಿಲುಬೆಯ ಗುರುತು ಹಾಕಿದರು, ಕಾದರು.

"ಬೆಲ್ಟ್ ಹಾಕು ಮಗಾ," ಎಂದರು.

ಅವಳು ಹಾಕಿದಳು. ಸದ್ದು ನಿಂತಿತು. ಬೀದಿಯ ತಿರುವು ದಾಟಿದ ಮೇಲೆ ಅವರು ಮೆಲ್ಲಗೆ, "ಒಂದೆರಡು ದಿನ ಟ್ರೇನೂ ಹತ್ತುವ, ನಿನ್ನ ಅಮ್ಮನಿಗೆ ಕಿಟಕಿ ಪಕ್ಕ ಚಾ ಕುಡೀಬೇಕಂತೆ," ಎಂದರು.

ನಾನು ಹಿಂದೆ ಒಬ್ಬಳೇ ಇದ್ದೆ. ಮಗಳು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ನನ್ನ ಬ್ಯಾಗು ಬಿದ್ದುಕೊಂಡಿತ್ತು. ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ನನ್ನ ಪಕ್ಕದ ಆ ಖಾಲಿ ಸೀಟಿನ ಬೆಲ್ಟನ್ನು ಎಳೆದು ಹಾಕಿದೆ.